ಸೋಮವಾರದ ಬೆಂಚು, ಮಂಗಳವಾರದ ಭುಜ

2021ರ ಏಪ್ರಿಲ್, ತಾಷ್ಕೆಂಟ್‌ನಲ್ಲಿ ಏಷ್ಯನ್ ವೇಟ್‌ಲಿಫ್ಟಿಂಗ್ ಚಾಂಪಿಯನ್‌ಷಿಪ್. 49 ಕಿಲೋ ವಿಭಾಗದಲ್ಲಿ ಮೀರಾಬಾಯಿ ಚಾನು ಸ್ನ್ಯಾಚ್‌ಗೆ ಇಳಿದು, 85 ಕಿಲೋದ ಎರಡೂ ಯತ್ನಗಳನ್ನು ಕಳೆದುಕೊಂಡರು. ಮೂರನೆಯದೂ ತಪ್ಪಿದ್ದರೆ ಅಲ್ಲಿಗೆ ಕತೆ ಮುಗಿದಂತೆ. ಒಂದು ಕಿಲೋ ಏರಿಸಿ 86 ಕೇಳಿದರು, ಎತ್ತಿದರು, ಉಳಿದುಕೊಂಡರು. ಅದೇ ದಿನ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕಿಲೋ ಎತ್ತಿ ವಿಶ್ವದಾಖಲೆ ಮಾಡಿದರು.

ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅವರನ್ನು ಕಾಡುತ್ತಿದ್ದುದು ಭುಜ ಮತ್ತು ಬೆನ್ನು. ಅದಕ್ಕೆಂದೇ 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿದ್ದರು. ಅಲ್ಲಿ ನೋಡಿಕೊಂಡವರು ಆರನ್ ಹಾರ್ಶಿಗ್, ತಾವೂ ವೇಟ್‌ಲಿಫ್ಟಿಂಗ್ ಮಾಡಿದ್ದ ಫಿಸಿಯೋಥೆರಪಿಸ್ಟ್. ಕೋಚ್ ವಿಜಯ್ ಶರ್ಮಾ ಕೂಡ ಜತೆಗಿದ್ದರು. ಮೊದಲು ಚಿಕಿತ್ಸೆ ಮುಗಿಯಲಿ, ಆಮೇಲೆ ಅಭ್ಯಾಸ ಎಂದು ಕಾಯಲಿಲ್ಲ; ಎರಡೂ ಒಟ್ಟೊಟ್ಟಿಗೆ ನಡೆದವು. ಟೋಕಿಯೊಗೆ ಮುನ್ನ ಇನ್ನೊಮ್ಮೆ ಹೋಗಿಬಂದರು. ಜುಲೈ 24ರಂದು 87 ಮತ್ತು 115, ಒಟ್ಟು 202 ಕಿಲೋ ಎತ್ತಿ ಒಲಿಂಪಿಕ್ ಬೆಳ್ಳಿ ಗೆದ್ದರು.

ಆ ‘ಒಟ್ಟೊಟ್ಟಿಗೆ’ ಎಂಬುದು ನಮ್ಮ ಜಿಮ್‌ಗಳ ತನಕ ಇನ್ನೂ ಬಂದಿಲ್ಲ. ಇಲ್ಲಿ ಭುಜ ಹಿಡಿದುಕೊಂಡವರಿಗೆ ಸಿಗುವ ಸಲಹೆ ಎರಡೇ ಬಗೆಯದು. ‘ನೋವು ಬಂದ್ರೇನೇ ಬಾಡಿ ಬೆಳೆಯೋದು ಮಗಾ, ಇನ್ನೊಂದು ಸೆಟ್ ಹೊಡಿ’ ಎನ್ನುವುದು ಜಿಮ್ ಕಡೆಯದು. ‘ಈ ಸುಡುಗಾಡು ಜಿಮ್ಮೇ ಬೇಡ, ಬಿಟ್ಟುಬಿಡು’ ಎನ್ನುವುದು ಮನೆ ಕಡೆಯದು. ಇವೆರಡರ ನಡುವೆ ಒಂದು ದಾರಿಯಿದೆ. ಭುಜ ಸರಿಹೋಗುವುದು ಬಹುಪಾಲು ಆ ದಾರಿಯಲ್ಲೇ.

ಭಾರ ಎತ್ತುವುದು ನಮಗೆ ಹೊಸದಲ್ಲ. ಮೈಸೂರು, ದಾವಣಗೆರೆಗಳ ಗರಡಿ ಮನೆಗಳಲ್ಲಿ ಗದೆ ಬೀಸಿದವರಿದ್ದಾರೆ. ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಉಸುಕಿನ ಚೀಲ ಎತ್ತುವ ಸ್ಪರ್ಧೆ ಇಂದಿಗೂ ಜನ ಸೇರಿಸುತ್ತದೆ. ಕುಂದಾಪುರ ತಾಲ್ಲೂಕಿನ ವಂಡ್ಸೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚು ತಂದರು. ಆದರೆ ಇವರೆಲ್ಲ ವರ್ಷಗಟ್ಟಲೆ ಪಳಗಿದವರು, ಮೇಲೆ ಕಣ್ಣಿಡಲು ಉಸ್ತಾದರೋ ಕೋಚೋ ಇದ್ದವರು. ಈ ಬರಹ ಅವರಿಗಲ್ಲ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕುಗ್ಗಿ ಕೂತು, ಸಂಜೆ ಏಳಕ್ಕೆ ಜಿಮ್‌ಗೆ ಬಂದು, ವಾರ್ಮ್‌ಅಪ್ ಹೆಸರಲ್ಲಿ ನಾಲ್ಕು ಸಲ ಕೈ ತಿರುಗಿಸಿ ಬೆಂಚಿನ ಮೇಲೆ ಮಲಗುವವರಿಗೆ.

ಭುಜದ ಕೀಲಿನ ರಚನೆಯಲ್ಲೇ ಒಂದು ರಾಜಿ ಇದೆ. ತೋಳಿನ ಮೂಳೆಯ ಮೇಲ್ತುದಿ ದುಂಡಗಿನ ಗುಂಡು. ಅದು ಕೂರುವ ಗುಳಿ ಮಾತ್ರ ತೀರಾ ಆಳವಿಲ್ಲದ್ದು. ಶಾಲೆಯ ಕ್ರೀಡಾದಿನದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಸೊಂಟದ ಕೀಲಿನಲ್ಲಿ ಗುಂಡು ಗುಳಿಯೊಳಗೆ ಹೂತುಕೊಂಡಿರುತ್ತದೆ, ಆದ್ದರಿಂದ ಅದು ಸುಲಭಕ್ಕೆ ಜಾರುವುದಿಲ್ಲ. ಬೆನ್ನು ತುರಿಸಲು, ಅಟ್ಟದ ಮೇಲಿನ ಡಬ್ಬಿ ಇಳಿಸಲು, ಕ್ರಿಕೆಟ್ ಚೆಂಡು ಎಸೆಯಲು ಕೈ ಎಲ್ಲ ದಿಕ್ಕಿಗೂ ತಿರುಗಬೇಕು. ಆ ಅನುಕೂಲಕ್ಕಾಗಿ ಭುಜ ತನ್ನ ಭದ್ರತೆಯನ್ನು ಬಿಟ್ಟುಕೊಟ್ಟಿದೆ. ಗುಳಿ ಕೊಡದ ಭದ್ರತೆಯನ್ನು ಸ್ನಾಯುಗಳು ಕೊಡಬೇಕು. ರೆಕ್ಕೆ ಮೂಳೆಯಿಂದ ಹೊರಟು ಆ ಗುಂಡನ್ನು ನಾಲ್ಕು ಸಣ್ಣ ಸ್ನಾಯುಗಳು ಸುತ್ತುವರಿದು ಹಿಡಿದಿವೆ. ರೊಟೇಟರ್ ಕಫ್ ಎನ್ನುವುದು ಇವುಗಳನ್ನೇ. ನೀವು ಕೈ ಎತ್ತಿದಾಗಲೆಲ್ಲ ದೊಡ್ಡ ಸ್ನಾಯು ಗುಂಡನ್ನು ಮೇಲಕ್ಕೆಳೆಯುತ್ತದೆ, ಈ ನಾಲ್ಕು ಅದನ್ನು ಗುಳಿಯ ನಡುವಿನಲ್ಲಿ ಒತ್ತಿ ಹಿಡಿಯುತ್ತವೆ.

ಕನ್ನಡಿಯಲ್ಲಿ ಕಾಣುವುದು ಎದೆ, ತೋಳು, ಭುಜದ ಮುಂಭಾಗ. ಕಾಣದಿರುವುದು ಈ ನಾಲ್ಕು ಸ್ನಾಯುಗಳು, ರೆಕ್ಕೆ ಮೂಳೆಯನ್ನು ಹಿಂದಕ್ಕೆಳೆಯುವ ಬೆನ್ನಿನ ಸ್ನಾಯುಗಳು. ನಮ್ಮ ಹುಡುಗರ ವಾರದ ಪಟ್ಟಿ ನೋಡಿದರೆ ಯಾವುದಕ್ಕೆ ಎಷ್ಟು ಪಾಲು ಎಂದು ತಿಳಿಯುತ್ತದೆ. ಸೋಮವಾರ ಚೆಸ್ಟ್ ಎಂಬುದು ಯಾರೂ ಬರೆದಿಡದ ಕಾನೂನು; ಅಂದು ಸಂಜೆ ಬೆಂಚಿಗೆ ಸರತಿ ಸಾಲು. ಬೆನ್ನಿನ ದಿನವನ್ನು ಹಬ್ಬಕ್ಕೆ, ಮದುವೆಗೆ, ಓವರ್‌ಟೈಮಿಗೆ ಬಿಟ್ಟುಕೊಡುತ್ತಾರೆ. ವ್ಯಾಯಾಮದಿಂದಾದ ಗಾಯಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಭಾರದ ವ್ಯಾಯಾಮದಲ್ಲಿ ದಾಖಲಾದ ಗಾಯಗಳ ಪೈಕಿ ಶೇ 36ರವರೆಗೆ ಭುಜಕ್ಕೆ ಸಂಬಂಧಿಸಿದವು ಎಂದಿತು.

ಬೆಂಚ್ ಪ್ರೆಸ್ಸನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಹುಡುಗ ಮಲಗುತ್ತಾನೆ. ರಾಡನ್ನು ಎಷ್ಟು ಅಗಲಕ್ಕೆ ಸಾಧ್ಯವೋ ಅಷ್ಟು ಅಗಲಕ್ಕೆ ಹಿಡಿಯುತ್ತಾನೆ, ಏಕೆಂದರೆ ಹಾಗೆ ಹಿಡಿದರೆ ರಾಡ್ ಕಡಿಮೆ ದೂರ ಸಾಗಿದರೆ ಸಾಕು, ಭಾರ ಹೆಚ್ಚು ಹಾಕಬಹುದು. ಮೊಣಕೈಗಳು ಶಿಲುಬೆಯ ತೋಳಿನಂತೆ ನೇರ ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ರಾಡ್ ಕುತ್ತಿಗೆಯ ಹತ್ತಿರ ಇಳಿಯುತ್ತದೆ, ಎದೆಗೆ ಬಡಿದು ಪುಟಿಯುತ್ತದೆ. ಪಕ್ಕದಲ್ಲಿ ಸಪೋರ್ಟಿಗೆ ನಿಂತ ಗೆಳೆಯ ‘ಎತ್ತು ಎತ್ತು, ಆಲ್ ಯುವರ್ಸ್’ ಎನ್ನುತ್ತಲೇ ಅರ್ಧ ಭಾರ ತಾನೇ ಎತ್ತುತ್ತಾನೆ. ಇಬ್ಬರಿಗೂ ಸಂತೋಷ. ಮಂಗಳವಾರ ಬೆಳಗ್ಗೆ ಶರ್ಟಿನ ತೋಳಿಗೆ ಕೈ ತೂರಿಸುವಾಗ ಭುಜದ ಮುಂಭಾಗದಲ್ಲಿ ಚುಳ್ ಎನ್ನುತ್ತದೆ.

ಇದನ್ನು ತಿದ್ದುವುದು ಕಷ್ಟವೇನಲ್ಲ. ಹಿಡಿತದ ಅಗಲ ಎರಡು ಭುಜಗಳ ನಡುವಿನ ಅಗಲದ ಒಂದೂವರೆ ಪಟ್ಟು ಮೀರದಿರಲಿ. ಮೊಣಕೈಗಳು ಮೈಗೆ ಓರೆಯಾಗಿ ಇಳಿಯಲಿ, ನೇರ ಪಕ್ಕಕ್ಕೆ ಬೇಡ. ಮಲಗುವಾಗಲೇ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಎಳೆದು ಬೆಂಚಿಗೆ ಒತ್ತಿಕೊಳ್ಳಿ. ರಾಡ್ ಎದೆಯ ಕೆಳಭಾಗಕ್ಕೆ ಇಳಿಯಲಿ, ಒಂದು ಕ್ಷಣ ನಿಲ್ಲಲಿ. ಹೀಗೆ ಮಾಡಿದರೆ ಭಾರ ಕಡಿಮೆ ಹಾಕಬೇಕಾಗುತ್ತದೆ. ನಿಜವಾದ ತೊಡಕು ಇರುವುದು ಅಲ್ಲೇ. ಪಕ್ಕದ ಬೆಂಚಿನವನು ನೋಡುತ್ತಿರುತ್ತಾನಲ್ಲ!

ಕುತ್ತಿಗೆಯ ಹಿಂದಕ್ಕೆ ರಾಡ್ ಇಳಿಸುವ ಪ್ರೆಸ್, ಗಲ್ಲದವರೆಗೆ ರಾಡ್ ಎಳೆಯುವ ಅಪ್‌ರೈಟ್ ರೋ, ಭುಜ ಮೊಣಕೈಗಿಂತ ತೀರಾ ಕೆಳಗಿಳಿಯುವ ಡಿಪ್ಸ್, ಈ ಮೂರೂ ನೋಯುವ ಭುಜಕ್ಕೆ ಆಗಿಬರುವುದಿಲ್ಲ. ನೋವಿಲ್ಲದವರು ಮಾಡಿದರೆ ಅನಾಹುತವಾಗುತ್ತದೆ ಎಂದೇನಲ್ಲ. ಮಾಡಿ ಜೀರ್ಣಿಸಿಕೊಂಡವರು ಎಷ್ಟೋ ಮಂದಿ. ಆದರೆ ಅದೇ ಸ್ನಾಯುಗಳಿಗೆ ಸೌಮ್ಯವಾದ ಬೇರೆ ವ್ಯಾಯಾಮಗಳು ಇರುವಾಗ ಇವುಗಳಿಗೇ ಜೋತುಬೀಳುವುದು ಯಾಕೆ ಎನ್ನುವುದು ನನ್ನ ಪ್ರಶ್ನೆ.

ಈಗ ನೋವು ಬಂದಾಯಿತು ಎಂದಿಟ್ಟುಕೊಳ್ಳೋಣ. ಡಾಕ್ಟರ ಬಳಿ ಹೋದರೆ ಎಂಆರ್‌ಐ, ಎಂಆರ್‌ಐಯಲ್ಲಿ ಒಂದು ‘ಪಾರ್ಷಿಯಲ್ ಟೇರ್’ ಅಥವಾ ‘ಇಂಪಿಂಜ್‌ಮೆಂಟ್’, ಅಲ್ಲಿಂದ ನಿದ್ದೆ ಮಾಯ. ಇಲ್ಲಿ ಎರಡು ಸಂಗತಿ ತಿಳಿದಿರುವುದು ಒಳ್ಳೆಯದು.

ಮೊದಲನೆಯದು ಚಿತ್ರದ್ದು. ಭುಜದಲ್ಲಿ ಯಾವ ನೋವೂ ಇಲ್ಲದ, 40ರಿಂದ 70 ವರ್ಷದೊಳಗಿನ 51 ಗಂಡಸರ ಭುಜಗಳನ್ನು ಅಮೆರಿಕದ ವೈದ್ಯರು ಅಲ್ಟ್ರಾಸೌಂಡ್ ಮಾಡಿ ನೋಡಿದರು. 2011ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಶೇ 96ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ‘ದೋಷ’ ಕಂಡಿತು. ಕೂದಲು ನರೆಯುವುದು ಹೇಗೆ ರೋಗವಲ್ಲವೋ, ವಯಸ್ಸಿನೊಂದಿಗೆ ಭುಜದೊಳಗೆ ಆಗುವ ಸವಕಳಿಯೂ ಬಹುಮಟ್ಟಿಗೆ ಹಾಗೆಯೇ. ಹಾಗಾಗಿ ನಡುವಯಸ್ಸಿನವರ ಸ್ಕ್ಯಾನಿನಲ್ಲಿ ಏನೋ ಕಂಡಿತು ಎಂದ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಲಾಗದು.

ಎರಡನೆಯದು ಕತ್ತರಿಯದು. 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ಒಂದು ವಿವರಣೆ ಮುಂದಿಟ್ಟರು: ಕೈ ಎತ್ತಿದಾಗ ರೊಟೇಟರ್ ಕಫ್‌ನ ಸ್ನಾಯುರಜ್ಜು ಮೇಲಿನ ಮೂಳೆಯ ಚಾಚಿಗೆ ತಾಗಿ ಉಜ್ಜುತ್ತದೆ, ನೋವು ಅದರಿಂದಲೇ, ಆ ಚಾಚನ್ನು ಕೆತ್ತಿ ತೆಗೆದರೆ ಜಾಗ ಆಗುತ್ತದೆ. ಕೇಳಲು ಎಷ್ಟು ತರ್ಕಬದ್ಧ ಎಂದರೆ, ದಶಕಗಳ ಕಾಲ ಇದನ್ನು ಯಾರೂ ಗಂಭೀರವಾಗಿ ಪ್ರಶ್ನಿಸಲಿಲ್ಲ. ದುರ್ಬೀನು ತೂರಿಸಿ ಮಾಡುವ ತಂತ್ರ ಬಂದ ಮೇಲಂತೂ ಮೂಳೆ ಕೆತ್ತುವ ಶಸ್ತ್ರಚಿಕಿತ್ಸೆ ಲೆಕ್ಕವಿಲ್ಲದಷ್ಟು ನಡೆಯಿತು. ಕೊನೆಗೆ ಬ್ರಿಟನ್ನಿನಲ್ಲಿ 313 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾಗಿ ಮೂಳೆ ಕೆತ್ತಿದರು. ಇನ್ನೊಂದಕ್ಕೆ ಚರ್ಮ ಕೊಯ್ದು, ದುರ್ಬೀನಿನಲ್ಲಿ ಒಳಗೆ ನೋಡಿ, ಏನೂ ಕೆತ್ತದೆ ಹೊಲಿಗೆ ಹಾಕಿದರು. ಮೂರನೆಯ ಗುಂಪಿಗೆ ಚಿಕಿತ್ಸೆಯೇ ಇಲ್ಲ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಕೆತ್ತಿಸಿಕೊಂಡವರಿಗೂ ಸುಮ್ಮನೆ ಹೊಲಿಗೆ ಹಾಕಿಸಿಕೊಂಡವರಿಗೂ ವ್ಯತ್ಯಾಸವೇ ಇರಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಇವರಿಬ್ಬರೂ ತುಸು ಮೇಲಿದ್ದರು, ಆದರೆ ಆ ಅಂತರ ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡದಲ್ಲ. ಅದೇ ವರ್ಷ ಫಿನ್ಲೆಂಡಿನಿಂದಲೂ ಇಂಥದೇ ಫಲಿತಾಂಶ ಬಂತು. 2019ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ ಈ ನೋವಿಗೆ ಈ ಶಸ್ತ್ರಚಿಕಿತ್ಸೆ ಬೇಡ ಎಂದು ಖಡಾಖಂಡಿತವಾಗಿ ಹೇಳಿತು.

ಹಾಗಾದರೆ ಮಾಡಬೇಕಾದ್ದೇನು? ಇದಕ್ಕೂ ಒಂದು ಪರೀಕ್ಷೆಯ ಉತ್ತರವಿದೆ. 2021ರಲ್ಲಿ ಬ್ರಿಟನ್ನಿನಲ್ಲೇ 708 ಮಂದಿ ರೊಟೇಟರ್ ಕಫ್ ನೋವಿನವರ ಮೇಲೆ ನಡೆದ ಅಧ್ಯಯನದಲ್ಲಿ, ಫಿಸಿಯೋಥೆರಪಿಸ್ಟ್ ಬಳಿ ಆರು ಸಲದವರೆಗೆ ಹೋಗಿ ವ್ಯಾಯಾಮ ಮಾಡಿದವರಿಗೂ, ಒಂದೇ ಸಲ ಹೋಗಿ ಸರಿಯಾದ ಸಲಹೆ ಪಡೆದು ಮನೆಯಲ್ಲೇ ಮಾಡಿಕೊಂಡವರಿಗೂ ವರ್ಷದ ಕೊನೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಮೊದಲ ಕೆಲವು ವಾರ ಒಂದಿಷ್ಟು ಆರಾಮ ಕೊಟ್ಟಿತು, ಆಮೇಲೆ ಅದರ ಲಾಭ ಉಳಿಯಲಿಲ್ಲ. ಜೇಬು ಬಿಗಿ ಇರುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕೆ?

ಮೊದಲ ಕೆಲವು ದಿನ ನೋವು ತರುವ ವ್ಯಾಯಾಮವನ್ನು ಮಾತ್ರ ನಿಲ್ಲಿಸಿ. ಕಾಲು, ಸೊಂಟ, ಇನ್ನೊಂದು ಕೈ ಕೆಲಸ ಮಾಡುತ್ತಿರಲಿ. ಐಸ್ ಇಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ವಿಶ್ರಾಂತಿ, ಐಸ್, ಕಟ್ಟು, ಎತ್ತರಕ್ಕಿಡುವುದು ಎಂಬ ಸೂತ್ರವನ್ನು 1978ರಲ್ಲಿ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗಾಯ ಮಾಯುವುದನ್ನು ತಡಮಾಡಬಹುದು ಎಂದು ಮುಂದೆ ನಿಲುವು ಬದಲಿಸಿದರು. ನೋವು ತಡೆಯಲಾಗದಿದ್ದರೆ ಹತ್ತು ನಿಮಿಷ ಇಟ್ಟುಕೊಳ್ಳಿ, ಪವಾಡ ನಿರೀಕ್ಷಿಸಬೇಡಿ. ನೋವಿನ ಮಾತ್ರೆ ನುಂಗಿ ಜಿಮ್‌ಗೆ ಹೋಗುವುದು ಮಾತ್ರ ಬೇಡವೇ ಬೇಡ.

ಆಮೇಲೆ ಮರಳುವುದು. ರಾಡಿನ ಬದಲು ಎರಡು ಹಗುರ ಡಂಬೆಲ್, ಅಂಗೈಗಳು ಎದುರುಬದುರು. ಬೆಂಚಿನ ಬದಲು ನೆಲದ ಮೇಲೆ ಮಲಗಿದರೆ ಮೊಣಕೈ ನೆಲಕ್ಕೆ ತಾಗಿ ನಿಲ್ಲುತ್ತದೆ, ಭುಜ ತೀರಾ ಹಿಂದಕ್ಕೆ ಹೋಗುವುದಿಲ್ಲ. ಇದರ ಜತೆ ರಬ್ಬರ್ ಬ್ಯಾಂಡ್‌ನ ವ್ಯಾಯಾಮ: ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಒಂದು ಮಡಚಿದ ಟವೆಲ್ ಇಟ್ಟು, ಮುಂಗೈಯನ್ನು ನಿಧಾನಕ್ಕೆ ಹೊರಕ್ಕೆ ತಿರುಗಿಸಿ, ಅಷ್ಟೇ ನಿಧಾನಕ್ಕೆ ವಾಪಸ್ ತನ್ನಿ. ನೋಡುವವರಿಗೆ ನಗು ಬರುವಷ್ಟು ಸಣ್ಣ ಕೆಲಸ. ಹದಿನೈದು ಸಲ ಸರಿಯಾಗಿ ಮಾಡಿ ನೋಡಿ, ಭುಜದ ಹಿಂಭಾಗ ಉರಿಯುತ್ತದೆ. ಎದೆಗೆ ಎಷ್ಟು ಸೆಟ್ ಮಾಡುತ್ತೀರೋ, ಹಿಂದಕ್ಕೆಳೆಯುವ ರೋ, ಫೇಸ್ ಪುಲ್‌ಗಳಿಗೆ ಕನಿಷ್ಠ ಅಷ್ಟಾದರೂ ಇರಲಿ.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಕಿಲ್ಲ. ಹತ್ತಕ್ಕೆ ಮೂರು ಅಂಕದಷ್ಟು ನೋವನ್ನು ಫಿಸಿಯೋಥೆರಪಿಸ್ಟರು ಸಾಮಾನ್ಯವಾಗಿ ಒಪ್ಪುತ್ತಾರೆ. ಮರುದಿನ ಬೆಳಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಅಷ್ಟೇ ಭಾರ ಮುಂದುವರಿಸಿ, ಏರಿದ್ದರೆ ಕಡಿಮೆ ಮಾಡಿ. ಸ್ನಾಯುವಿಗೆ ಹೋಲಿಸಿದರೆ ಸ್ನಾಯುರಜ್ಜು ಮಂದಗತಿಯದು. ಅದು ಗಟ್ಟಿಯಾಗಲು ಮೂರು ತಿಂಗಳು ಕೊಡಬೇಕು. ಎರಡು ವಾರಕ್ಕೆ ನೋವು ಕಡಿಮೆಯಾಯಿತೆಂದು ಹಳೆಯ ಭಾರಕ್ಕೆ ಹಾರಿದವರು ಮೂರನೆಯ ವಾರ ಮತ್ತೆ ಭುಜ ಹಿಡಿದುಕೊಂಡು ಬರುತ್ತಾರೆ.

ಈ ಹಾರುವಿಕೆಗೆ ನಮ್ಮ ಜಿಮ್‌ಗಳೂ ಕಾರಣ. ಎಷ್ಟೋ ಕಡೆ ಇರುವ ಅತಿ ಸಣ್ಣ ಪ್ಲೇಟು 2.5 ಕಿಲೋ. ಎರಡೂ ಕಡೆ ಹಾಕಿದರೆ ಒಂದೇ ಸಲಕ್ಕೆ 5 ಕಿಲೋ ಏರಿಕೆ. 30 ಕಿಲೋ ಒತ್ತುವವರಿಗೆ ಇದು ಆರನೇ ಒಂದು ಭಾಗ. ಹೆಣ್ಣುಮಕ್ಕಳಿಗೆ, ಹೊಸಬರಿಗೆ, ಗಾಯದಿಂದ ಮರಳುವವರಿಗೆ ಈ ಮೆಟ್ಟಿಲು ತೀರಾ ಎತ್ತರದ್ದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೇ 2005ರಿಂದ ಒಂದೊಂದೇ ಕಿಲೋ ಏರಿಸಲು ಅವಕಾಶವಿದೆ, ಅದಕ್ಕೆ ಅರ್ಧ ಕಿಲೋದ ಬಿಲ್ಲೆಗಳೂ ಇವೆ. ಗೋಡೆ ತುಂಬ ಕನ್ನಡಿ, ಬಣ್ಣದ ದೀಪ ಹಾಕಿಸುವ ಮಾಲೀಕರು ನಾಲ್ಕು ಸಣ್ಣ ಪ್ಲೇಟು, ಎರಡು ರಬ್ಬರ್ ಬ್ಯಾಂಡ್ ಇಡಬಾರದೇ?

ಇಷ್ಟೆಲ್ಲ ಹೇಳಿದ್ದು ಮೆಲ್ಲಗೆ ಶುರುವಾಗಿ ಕಾಡುವ ನೋವಿನ ಬಗ್ಗೆ. ಕೆಲವನ್ನು ಮನೆಯಲ್ಲಿಟ್ಟುಕೊಂಡು ಕೂರುವಂತಿಲ್ಲ. ಬೆಂಚ್ ಪ್ರೆಸ್‌ನಲ್ಲಿ ಭಾರ ಇಳಿಸುವಾಗ ಕಂಕುಳ ಬಳಿ ಏನೋ ಹರಿದಂತಾಗಿ, ತೋಳು, ಎದೆ ನೀಲಿಗಟ್ಟಿ, ಕಂಕುಳ ಮುಂದಿನ ಮಡಿಕೆ ಮಾಯವಾಗಿ ಎದೆಯ ಒಂದು ಬದಿ ಗುಡ್ಡೆಯಾದರೆ ಎದೆಸ್ನಾಯು ಕಿತ್ತಿರಬಹುದು. ಇದಕ್ಕೆ ಕಾಯಬಾರದು, ಬೇಗ ಹೊಲಿದಷ್ಟೂ ಫಲಿತಾಂಶ ಚೆನ್ನ. ಕದ್ದುಮುಚ್ಚಿ ಸ್ಟಿರಾಯ್ಡ್ ಚುಚ್ಚಿಸಿಕೊಂಡು ಮೈ ಬೆಳೆಸುವವರಲ್ಲಿ ಸ್ನಾಯು ಹೀಗೆ ಕಿತ್ತುಬರುವ ಅಪಾಯ ಹೆಚ್ಚು: ಸ್ನಾಯು ಬೆಳೆದ ವೇಗಕ್ಕೆ ರಜ್ಜು ಗಟ್ಟಿಯಾಗಿರುವುದಿಲ್ಲ. ಬಿದ್ದೋ ಜಗ್ಗಿಯೋ ಆದ ಮೇಲೆ ಕೈ ಎತ್ತಲಿಕ್ಕೇ ಆಗದಿದ್ದರೆ, ಕೈ ಜೋಮು ಹಿಡಿದರೆ, ಜ್ವರದೊಂದಿಗೆ ಭುಜ ಕೆಂಪಾಗಿ ಊದಿದರೆ ಅಂದೇ ವೈದ್ಯರನ್ನು ಕಾಣಬೇಕು. ಭುಜದ ನೆತ್ತಿಯಲ್ಲಿ, ಕೊರಳೆಲುಬು ಕೊನೆಯಾಗುವ ಕಡೆ ಬೆರಳಿಟ್ಟು ತೋರಿಸಬಹುದಾದ ನೋವು ತಿಂಗಳುಗಟ್ಟಲೆ ಇದ್ದರೆ ಒಂದು ಎಕ್ಸ್‌ರೇ ಸಾಕು. ಅಲ್ಲಿ ಮೂಳೆಯ ತುದಿ ಸವೆಯುವ ಕಾಯಿಲೆ ಭಾರ ಎತ್ತುವವರಲ್ಲೇ ಹೆಚ್ಚು ಕಾಣುವುದು, ಬೆಂಚ್ ಪ್ರೆಸ್ ಬಿಟ್ಟರೆ ಬಹುಪಾಲು ತಣಿಯುವುದು.

ಕೀಲು ಜಾರಿದಾಗ ನಮ್ಮಲ್ಲಿ ನಡೆಯುವ ಒಂದು ಸಾಹಸದ ಬಗ್ಗೆ ಹೇಳಲೇಬೇಕು. ಊರಿನಲ್ಲಿ ಉಳುಕು ತೆಗೆಯುವವರು, ಜಿಮ್‌ನಲ್ಲಿ ‘ಸಿನಿಮಾದಲ್ಲಿ ನೋಡಿದ್ದೀನಿ’ ಎನ್ನುವವರು ಕೈ ಹಿಡಿದು ಜಗ್ಗಿ ಕೂರಿಸಲು ಮುಂದಾಗುತ್ತಾರೆ. ಜಾರಿದ ಕೀಲಿನ ಪಕ್ಕದಲ್ಲೇ ನರ, ರಕ್ತನಾಳ ಹಾದುಹೋಗಿವೆ, ಮೂಳೆಯೂ ಮುರಿದಿರಬಹುದು. ಕೈ ಹೇಗಿದೆಯೋ ಹಾಗೇ ಟವೆಲಿನಲ್ಲಿ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಕ್ಸ್‌ರೇ ನೋಡಿ ಕೂರಿಸುವುದು ಅವರ ಕೆಲಸ.

ಇನ್ನೊಂದು ಎಚ್ಚರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ನಂತರದ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ನೆರೆದ ಜನ ನೆನಪಿರಬಹುದು. ಆ ಭಯದಲ್ಲಿ ಜಿಮ್ ಬಿಡಬೇಕಿಲ್ಲ. ಆದರೆ ಎಡಭುಜದ ನೋವು ಕೈ ಎತ್ತಿದಾಗ ಬಾರದೆ, ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಹೋಗುವಂತಿದ್ದರೆ, ಜತೆಗೆ ಎದೆಬಿಗಿತ, ಬೆವರು, ಉಸಿರುಕಟ್ಟು ಇದ್ದರೆ ಅದು ಭುಜದ ಸಮಾಚಾರವಲ್ಲ. ನೇರ ಇಸಿಜಿಗೆ ನಡೆಯಿರಿ. ಸಕ್ಕರೆ ಕಾಯಿಲೆ ಇರುವ ನಡುವಯಸ್ಸಿನವರ ಭುಜ ಎಲ್ಲ ದಿಕ್ಕಿಗೂ ಬಿಗಿಯುತ್ತ ಬಂದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು, ಅದರ ಚಿಕಿತ್ಸೆ ಬೇರೆ.

ಉಳಿದವರಿಗೆ ಒಬ್ಬ ಒಳ್ಳೆಯ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ವೈದ್ಯರ ಒಂದು ಭೇಟಿ ಸಾಕಾಗುತ್ತದೆ. ದುಬಾರಿ ಕ್ಲಿನಿಕ್ಕೇ ಆಗಬೇಕಿಲ್ಲ. ಬೆಂಗಳೂರಿನವರಿಗೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಕೇಳಿ ನೋಡಿ. ಹೋದಾಗ ಅವರು ಶರ್ಟು ಬಿಚ್ಚಿಸಿ, ಎರಡೂ ಭುಜ ಹೋಲಿಸಿ, ಕೈಯನ್ನು ನಾಲ್ಕಾರು ದಿಕ್ಕಿಗೆ ತಿರುಗಿಸಿ, ತಳ್ಳಿಸಿ, ಎಳೆಸಿ ನೋಡಬೇಕು. ಯಾವ ವ್ಯಾಯಾಮ, ಎಷ್ಟು ಭಾರ, ಯಾವಾಗ ಏರಿಸಿದಿರಿ ಎಂದು ಕೇಳಬೇಕು. ಇದ್ಯಾವುದನ್ನೂ ಮಾಡದೆ, ಕುರ್ಚಿಯಿಂದ ಏಳದೆಯೇ ಎಂಆರ್‌ಐಗೆ ಚೀಟಿ ಬರೆದುಕೊಟ್ಟರೆ, ಸ್ಕ್ಯಾನಿಗೆ ದುಡ್ಡು ಕಟ್ಟುವ ಮುನ್ನ ಇನ್ನೊಬ್ಬರಿಗೆ ಭುಜ ತೋರಿಸಿ.